ಕಾಲು ಇಂಚಿನ ಬೆಳಕು

ಸೆಪ್ಟೆಂಬರ್ 24, ಮಂಗಳವಾರ

ಇವತ್ತು ಜಿಂಕೆ ಬಂತು. ನನಗೆ ಕಾಣಲಿಲ್ಲ. ಅಂದರೆ ಕಂಡಿತು, ಬಿಲ್ಲು ಎಳೆದ ಮೇಲೆ ಕಾಣಲಿಲ್ಲ.

ಓಕ್ ಮರದ ಅಟ್ಟಣೆಯಲ್ಲಿ ಕೂತಿದ್ದೆ. ಸೂರ್ಯ ದಿಣ್ಣೆಯ ಹಿಂದೆ ಇಳಿದು ಸ್ವಲ್ಪ ಹೊತ್ತಾಗಿತ್ತು. ಬರಿಗಣ್ಣಿಗೆ ಕುದುರೆಮೆಂತೆಯ ಹೊಲ ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಹೆಣ್ಣು ಜಿಂಕೆ ಬೇಲಿ ದಾಟಿ ಬಂದು, ಇಪ್ಪತ್ತು ಗಜ ದೂರದಲ್ಲಿ ಅಡ್ಡಲಾಗಿ ನಿಂತು ಮೇಯತೊಡಗಿತು. ಇದಕ್ಕಿಂತ ಸಲೀಸಾದ ಗುರಿ ಯಾರಿಗೆ ಸಿಗುತ್ತದೆ? ಹೆದೆಯನ್ನು ಕೆನ್ನೆಯವರೆಗೆ ಎಳೆದು, ಅದರ ಎಳೆಗಳ ನಡುವೆ ಕೂರಿಸಿರುವ ಪೀಪ್ ಎಂಬ ಪುಟ್ಟ ಬಳೆಯ ತೂತಿಗೆ ಕಣ್ಣಿಟ್ಟೆ. ಬರೀ ಕಪ್ಪು. ಬಿಲ್ಲಿನ ಮುಂದಿರುವ ಸೈಟಿನ, ಅಂದರೆ ಗುರಿ ಹಿಡಿಯುವ ಉಂಗುರದ, ಹಸಿರು ಪಿನ್ ಮಾತ್ರ ಮಿಣುಕುತ್ತಿದೆ, ಅದರ ಹಿಂದೆ ಜಿಂಕೆಯೂ ಇಲ್ಲ, ಹೊಲವೂ ಇಲ್ಲ. ತಲೆ ಪಕ್ಕಕ್ಕೆ ವಾಲಿಸಿದರೆ ಜಿಂಕೆ ಅಲ್ಲೇ ಇದೆ. ತೂತಿಗೆ ಕಣ್ಣು ತಂದರೆ ಮಾಯ. ಕೊನೆಗೆ ಮೆಲ್ಲಗೆ ಹೆದೆ ಸಡಿಲಿಸಿ ಬಾಣ ಇಳಿಸಿದೆ. ಅದು ಹೊಟ್ಟೆ ತುಂಬ ಮೇದು ಹೋಯಿತು.

ಮೋಡ ಇತ್ತು. ಟೋಪಿಯ ಅಂಚೂ ಅಡ್ಡ ಬಂದಿತ್ತು ಅನ್ನಿಸುತ್ತದೆ.

ವಾಪಸ್ ಬರುವಾಗ ಹೊವ್ಡೆಯವರ ಗೇಟಿನ ಹತ್ತಿರ ಹೊಸ ಬೋರ್ಡು. ಲೊರೇನ್ ಹೊವ್ಡೆ ಅವರು ಅಂಚೆ ಡಬ್ಬಿಯ ಪಕ್ಕ ನಿಂತಿದ್ದರು.

"ಏನಾದ್ರೂ ಸಿಕ್ತಾ ಓರಿನ್?"

"ಇಲ್ಲ. ಇದೇನಿದು?"

"ಬೋರ್ಡು."

"ಅದು ಬೋರ್ಡು ಅಂತ ನಂಗೂ ಕಾಣುತ್ತೆ."

"ಮನೆ, ಹೊಲ, ಕಾಡು ಎಲ್ಲಾ ಮಾರ್ಬಿಡ್ತಿದ್ದೀನಿ. ತಂಗಿ ಅರಿಝೋನಾದಲ್ಲಿದಾಳಲ್ಲ, ಅಲ್ಲಿಗೆ ಹೋಗ್ತೀನಿ. ಇನ್ನೊಂದು ಚಳಿಗಾಲ ಇಲ್ಲಿ ಒಬ್ಳೇ ಹಿಮ ಬಾಚ್ಕೊಂಡು ಕೂರೋದು ನನ್ನ ಕೈಲಾಗಲ್ಲ. ಈ ಸೀಸನ್ ಮುಗಿಯೋವರೆಗೂ ನೀವು ಧಾರಾಳವಾಗಿ ಬೇಟೆ ಆಡಿ."

ಒಳ್ಳೆಯದಾಗಲಿ ಅಂದೆ. ಅಪ್ಪನ ಕಾಲದಿಂದ ಆ ಕಾಡಿನಲ್ಲಿ ಓಡಾಡಿದವನು ನಾನು. ಜಿಂಕೆ ಹೊಡೆದವನು ನೆಲದ ಒಡೆಯರ ಮನೆಗೆ ಬೆನ್ನಿನ ಮಾಂಸ ಕೊಟ್ಟು, ಆಮೇಲೆ ತನ್ನ ಮನೆಗೆ ಹೋಗಬೇಕು. ಅಪ್ಪ ಹಾಗೆ ಮಾಡುತ್ತಿದ್ದ, ನಾನೂ ಹಾಗೆಯೇ ಮಾಡಿಕೊಂಡು ಬಂದೆ. ಗಂಡ ನಾರಿಸ್ ಹೊವ್ಡೆ ಬದುಕಿದ್ದಾಗ ಲೊರೇನ್ ಅವರು ಅದನ್ನು ಆಗಲೇ ಬೆಣ್ಣೆ ಈರುಳ್ಳಿ ಹಾಕಿ ಹುರಿಯುತ್ತಿದ್ದರು, ಮೂವರೂ ಕೂತು ತಿನ್ನುತ್ತಿದ್ದೆವು. ಅವನು ಸತ್ತ ವರ್ಷ ಪೊಟ್ಟಣವನ್ನು ಬಾಗಿಲಲ್ಲೇ ಕೊಟ್ಟು ಬಂದೆ. ಆಮೇಲಿನ ಎರಡು ವರ್ಷ ಕೊಟ್ಟಿಲ್ಲ, ಹೊಡೆದಿದ್ದರೆ ತಾನೆ ಕೊಡುವುದು. ಬರಿಗೈಯಲ್ಲಿ ಒಬ್ಬ ಹೆಂಗಸಿನ ಬಾಗಿಲು ತಟ್ಟುವುದು ಹೇಗೆ?

ಈ ವರ್ಷವಾದರೂ ಕೊಡಬೇಕು. ಕೊನೆಯ ವರ್ಷ.

ಸೆಪ್ಟೆಂಬರ್ 27, ಶುಕ್ರವಾರ

ಮೇವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಡೆಲ್ಬರ್ಟ್ ಬಿಲ್ಲು ರಿಪೇರಿ ಮಾಡುತ್ತಾನೆ. ಮಕ್ಕಳನ್ನು ಮನೆಗೆ ಬಿಟ್ಟು, ಶಾಲೆಯ ಬಸ್ಸು ನಿಲ್ಲಿಸಿ ನೇರ ಅಲ್ಲಿಗೇ ಹೋದೆ. ಪಿನ್ ಕೆಟ್ಟಿರಬೇಕು ನೋಡು ಅಂದೆ. ಅವನು ಪಿನ್ ನೋಡಲಿಲ್ಲ, ಪೀಪ್ ನೋಡಿ ನಕ್ಕ.

"ಅರೆಕಾಲು ಇಂಚಿಂದು! ಇದು ಹಗಲು ಹೊತ್ತು ಮೈದಾನದಲ್ಲಿ ಪಂದ್ಯ ಆಡೋರಿಗೆ ಮಾರಾಯಾ. ಇದ್ರಲ್ಲಿ ಸಂಜೆ ಹೊತ್ತು ನೀನು ನೋಡ್ತೀಯಾ?"

"ಇಷ್ಟು ವರ್ಷ ನೋಡಿದೀನಿ."

"ಇಷ್ಟು ವರ್ಷ ನಿಂಗೆ ಇಷ್ಟು ವರ್ಷ ಆಗಿರ್ಲಿಲ್ಲ. ಕಣ್ಣಿಗೆ ವಯಸ್ಸಾಯ್ತು ಓರಿನ್."

"ನಿನ್ನ ನಾಲಿಗೆಗೆ ಆಗಿಲ್ವಲ್ಲ."

ಕಾಲು ಇಂಚಿನದು ಹಾಕು, ತೂತು ದೊಡ್ಡದಾದಷ್ಟೂ ಬೆಳಕು ಹೆಚ್ಚು ಬರುತ್ತದೆ ಅಂದ. ತೂತು ದೊಡ್ಡದಾದಷ್ಟೂ ಗುರಿ ಸಡಿಲ ಎಂದು ನನಗೆ ಗೊತ್ತಿಲ್ಲವೇ? ಸಣ್ಣ ತೂತಾದರೆ ಕಣ್ಣು ನಟ್ಟನಡುವೆಯೇ ಇರಬೇಕು, ಬಾಣ ಆಚೆ ಈಚೆ ಹೋಗುವುದಿಲ್ಲ. ಈ ತಾಲೂಕಿನಲ್ಲಿ ನನ್ನ ಬಾಣ ಗುರಿ ತಪ್ಪಿತು ಎಂದವರಿಲ್ಲ. ಕೊನೆಗೆ ಅರೆಕಾಲಿಗೂ ಕಾಲಿಗೂ ನಡುವಿನದು ಹಾಕಿಸಿಕೊಂಡೆ. ಅವನು ಬಿಲ್ಲನ್ನು ಬಗ್ಗಿಸಿ ಹಿಡಿಯುವ ಪ್ರೆಸ್ಸಿಗೆ ಸಿಕ್ಕಿಸಿ, ಎಳೆ ಬಿಡಿಸಿ, ಹಳೆಯದನ್ನು ಕಿತ್ತು ಹೊಸದನ್ನು ದಾರ ಸುತ್ತಿ ಬಿಗಿದ. ಅಲ್ಲೇ ಎಳೆದು ನೋಡಿದೆ. ಎದುರು ಗೋಡೆಯ ಕೋಳಿ ಆಹಾರದ ಚೀಲದ ಮೇಲಿನ ಸಣ್ಣ ಅಕ್ಷರವೂ ಓದಲು ಬಂತು.

"ಟ್ಯೂಬ್‌ಲೈಟಲ್ಲಿ ಎಲ್ಲಾರೂ ಹದ್ದೇ" ಅಂದ ಡೆಲ್ಬರ್ಟ್.

ಅಕ್ಟೋಬರ್ 5, ಶನಿವಾರ

ಮಧ್ಯಾಹ್ನ ಹಿತ್ತಲಲ್ಲಿ ಅಭ್ಯಾಸ. ಬಾಣಗಳು ಒಂದರ ಮೈ ಒಂದು ಸವರುವಷ್ಟು ಹತ್ತಿರ ಬಿದ್ದವು. ಡೆಲ್ಬರ್ಟನನ್ನು ಕರೆದು ತೋರಿಸಬೇಕು ಅನ್ನಿಸಿತು.

ಸಂಜೆ ಅಟ್ಟಣೆ ಹತ್ತಿದೆ. ಬೆಳಿಗ್ಗೆ ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಜಿಂಕೆಗಳು ಆಗ ಹೊಲದಲ್ಲೇ ಇರುತ್ತವೆ, ನನ್ನ ಹೆಜ್ಜೆ ಸಪ್ಪಳಕ್ಕೇ ಓಡುತ್ತವೆ. ಸಂಜೆ ಅವು ಕಾಡಿನಿಂದ ಹೊರಗೆ ಬರುವುದು ಇನ್ನೇನು ಕತ್ತಲಾಗುತ್ತದೆ ಅನ್ನುವಾಗ. ಇವತ್ತೂ ಹಾಗೆಯೇ ಬಂದವು. ಎಳೆದು ನೋಡಿದೆ. ಕಪ್ಪು ಸ್ವಲ್ಪ ತಡವಾಗಿ ಬಂತು, ಅಷ್ಟೇ.

ಅಕ್ಟೋಬರ್ 8, ಮಂಗಳವಾರ

ಮಳೆ. ಬೇಟೆ ಇಲ್ಲ. ಮಕ್ಕಳನ್ನು ಇಳಿಸಿ ಬಸ್ಸು ಶೆಡ್ಡಿಗೆ ಹಾಕಿ, ಮನೆಗೆ ಹೋಗುವಾಗ ಹೊವ್ಡೆ ಕಣಿವೆಯ ರಸ್ತೆ ಹಿಡಿದೆ. ಅದು ಸುತ್ತು ದಾರಿ. ಆದರೆ ಆ ಕಡೆ ಜಿಂಕೆ ಓಡಾಟ ಹೇಗಿದೆ ಎಂದು ನೋಡಿಕೊಂಡು ಬರಬಹುದಲ್ಲ.

ಒಂದೂ ಕಾಣಲಿಲ್ಲ. ಅಡುಗೆಮನೆಯ ದೀಪ ಉರಿಯುತ್ತಿತ್ತು.

ಅಕ್ಟೋಬರ್ 14, ಸೋಮವಾರ

ತಲೆ ತಗ್ಗಿಸಿಕೊಂಡು ಡೆಲ್ಬರ್ಟನ ಹತ್ತಿರ ಮತ್ತೆ ಹೋದೆ. ಪುಣ್ಯಾತ್ಮ, ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಅಂಗಡಿಯಲ್ಲಿ ಬೇರೆ ಗಿರಾಕಿ ಇದ್ದರು, ಅದಕ್ಕೇ ಇರಬೇಕು.

"ವಯಸ್ಸಾದ ಮೇಲೆ ಕಣ್ಣಿನ ಪಾಪೆ ಕತ್ತಲಲ್ಲಿ ಪೂರ್ತಿ ಅಗಲ ಆಗಲ್ಲ ಕಣೋ. ಮೊದ್ಲೇ ಒಳಗೆ ಬರೋ ಬೆಳಕು ಕಮ್ಮಿ, ನೀನು ಅದರ ಮುಂದೆ ಇನ್ನೊಂದು ಸಣ್ಣ ತೂತು ಇಟ್ರೆ?"

"ಹಾಗಾದ್ರೆ ಎಲ್ಲಕ್ಕಿಂತ ದೊಡ್ಡದು ಹಾಕು."

"ಅದೂ ಅಲ್ಲ. ಸೈಟಿನ ಉಂಗುರ ಇದ್ಯಲ್ಲ, ಅದು ಪೀಪಿನ ತೂತೊಳಗೆ ಸರಿಯಾಗಿ ಕೂರ್ಬೇಕು. ಸುತ್ತ ಕೂದಲೆಳೆಯಷ್ಟು ಬೆಳಕಿನ ಗೆರೆ ಕಾಣ್ಬೇಕು. ತೂತು ತೀರಾ ದೊಡ್ಡದಾದ್ರೆ ಉಂಗುರ ಅದರೊಳಗೆ ಈಜಾಡುತ್ತೆ. ನಿಂಗೆ ನಡುವೆ ಇದೆ ಅನ್ಸುತ್ತೆ, ಇರಲ್ಲ. ಉಂಗುರ ಸರಿಯಾಗಿ ಕೂರೋದ್ರಲ್ಲಿ ಯಾವುದು ದೊಡ್ಡದೋ ಅದು ನಿನ್ನ ಸೈಜು."

ತಿರುಪು ಬಿಚ್ಚಿ ಬಳೆ ಬದಲಾಯಿಸಬಹುದಾದ ಪೀಪ್ ಒಂದನ್ನು ಹೆದೆಗೆ ಕಟ್ಟಿಕೊಟ್ಟ. ಜೊತೆಗೆ ಪುಟ್ಟ ಡಬ್ಬಿಯಲ್ಲಿ ಬೇರೆ ಬೇರೆ ಅಳತೆಯ ಬಳೆಗಳು. "ಅಂಗಡೀಲಿ ನೋಡ್ಬೇಡ, ಹಿತ್ತಲಲ್ಲಿ ನೋಡ್ಬೇಡ. ಬೇಟೆ ಆಡೋ ಜಾಗದಲ್ಲಿ, ಬೇಟೆ ಆಡೋ ಹೊತ್ತಲ್ಲಿ ಎಳೆದು ನೋಡು. ಬಾಣ ಹೂಡದೆ ಮಾತ್ರ ಎಳೀಬೇಡ. ಕೈ ಜಾರಿ ಬಿಟ್ರೆ ಬಿಲ್ಲು ಚೂರುಚೂರು."

ನನಗೆ ಅದನ್ನೂ ಹೇಳಿಕೊಡುತ್ತಾನೆ!

ಅಕ್ಟೋಬರ್ 17, ಗುರುವಾರ

ಒಂದು ಹುಲ್ಲಿನ ಪೆಂಡಿಯನ್ನು ಅವರ ಹೊಲದ ಅಂಚಿನಲ್ಲಿ ಇಟ್ಟು, ಅದಕ್ಕೆ ಬಿಳಿ ಕಾಗದದ ತಟ್ಟೆ ಚುಚ್ಚಿ, ಇಪ್ಪತ್ತು ಗಜ ಅಳೆದು ನಿಂತಿದ್ದೆ. ಸೂರ್ಯ ಇಳಿಯುವುದನ್ನೇ ಕಾಯುತ್ತಿದ್ದೆ. ಲೊರೇನ್ ಅವರು ಎರಡು ಕೈಯಲ್ಲೂ ಕಾಫಿ ಕಪ್ ಹಿಡಿದು ಬಂದರು.

"ಏನು ಮಾಡ್ತಿದ್ದೀರಿ?"

ಹೇಳಿದೆ. ಪೂರ್ತಿ ಹೇಳಿದೆ, ಪಾಪೆಯಿಂದ ಹಿಡಿದು ಉಂಗುರದವರೆಗೆ. ಅಷ್ಟುದ್ದ ನಾನು ಅವರ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ. ನಾರಿಸ್ ಇದ್ದಾಗ ಮಾತೆಲ್ಲ ಅವನದೇ. ಅವರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡು, ಪೆಂಡಿಯ ಕಡೆ ನೋಡಿದರು.

"ಜಿಂಕೆ ಬಿಳಿ ಇರುತ್ತಾ?"

"ಹಾಂ?"

"ಬಿಳಿ ತಟ್ಟೆ ಯಾರಿಗೆ ಕಾಣಲ್ಲ? ಇರಿ."

ಒಳಗೆ ಹೋಗಿ ಒಂದು ಕಂದು ಬಣ್ಣದ ದಪ್ಪ ಕೋಟು ತಂದರು. ನಾರಿಸನ ಕೊಟ್ಟಿಗೆ ಕೋಟು. ಹಾಲು ಕರೆಯುವಾಗ ಹಾಕುತ್ತಿದ್ದನಲ್ಲ, ಅದೇ.

"ಇದಕ್ಕೆ ನಾನು ಬಾಣ ಬಿಡಲ್ಲ" ಅಂದೆ.

"ಬಿಡಿ ಅಂತ ಯಾರು ಹೇಳಿದ್ರು? ನೋಡಿ ಅಷ್ಟೇ. ಚರ್ಚಿಗೆ ಕೊಡೋಣ ಅಂತ ತೆಗೆದಿಟ್ಟಿದ್ದೆ. ಅವರೇನೂ ಬೇಜಾರು ಮಾಡ್ಕೊಳಲ್ಲ. ಬದುಕಿದ್ದಾಗಲೇ ಯಾವುದಕ್ಕೂ ಬೇಜಾರು ಮಾಡ್ಕೋತಿರ್ಲಿಲ್ಲ."

ಕೋಟನ್ನು ಪೆಂಡಿಯ ಮೇಲೆ ಹೊದಿಸಿ ಬಂದು ನನ್ನ ಪಕ್ಕ ನಿಂತರು. ಕತ್ತಲು ಇಳಿಯತೊಡಗಿತು. ಅರೆಕಾಲು ಇಂಚಿನ ಬಳೆ ಹಾಕಿ ಎಳೆದೆ. "ಕಾಣ್ತಿದೆಯಾ?" ಅಂದರು. ಕಾಣಲಿಲ್ಲ. ಇಳಿಸಿದೆ. ನಡುವಿನದು ಹಾಕಿದೆ. "ಈಗ?" ಕೋಟು ಕಾಣುತ್ತಿದೆ, ಆದರೆ ಹುಲ್ಲು ಯಾವುದು ಕೋಟು ಯಾವುದು ತಿಳಿಯುತ್ತಿಲ್ಲ. ಮುಂದಿನ ಬಳೆ ತೆಗೆಯುವಾಗ ಬೆರಳು ಚಳಿಗೆ ಮರಗಟ್ಟಿ ಅದು ಜಾರಿ ಹುಲ್ಲಿನೊಳಗೆ ಬಿತ್ತು. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ನಾನು ದೊಡ್ಡ ಟಾರ್ಚ್ ಹಿಡಿದಿದ್ದರೂ ಸಿಕ್ಕಿದ್ದು ಅವರಿಗೇ.

"ಇದಕ್ಕೋಸ್ಕರನಾ ಇಷ್ಟೆಲ್ಲಾ? ಓಲೆ ತಿರುಪಿನಷ್ಟೂ ಇಲ್ವಲ್ಲ!" ಅಂದು ಅಂಗೈಗೆ ಹಾಕಿದರು. ಅವರ ಬೆರಳು ಬೆಚ್ಚಗಿತ್ತು. ಕಾಫಿ ಕಪ್ ಹಿಡಿದಿದ್ದರಲ್ಲ.

ಅದು ಕಾಲು ಇಂಚಿನ ಬಳೆ. ಎಳೆದು ಕಣ್ಣಿಟ್ಟೆ. ಸೈಟಿನ ಉಂಗುರ ತೂತಿನೊಳಗೆ ಸರಿಯಾಗಿ ಕೂತಿತು, ಸುತ್ತ ತೆಳ್ಳಗೆ ಬೆಳಕು. ಆ ಹೊತ್ತಿಗೆ ಹೊಲವೆಲ್ಲ ಬೂದು ಬಣ್ಣವಾಗಿತ್ತು.

"ಕಾಣ್ತಿದೆಯಾ?"

"ಗುಂಡಿ ಕಾಣ್ತಿದೆ. ಎರಡನೇ ಗುಂಡಿ ಇಲ್ಲ."

"ಅದು ನಾನೇ ಹೊಲೀಬೇಕಿತ್ತು" ಅಂದರು.

ಕಾಲಿಗಿಂತ ದೊಡ್ಡದನ್ನೂ ಹಾಕಿ ನೋಡಿದೆ. ಎಲ್ಲ ಹಗಲಿನಂತೆ ಕಂಡಿತು, ಆದರೆ ಉಂಗುರ ಒಳಗೆ ಡೆಲ್ಬರ್ಟ್ ಹೇಳಿದಂತೆಯೇ ಈಜಾಡಿತು. ಕೋಟು ತೆಗೆದು ಬರಿಯ ಪೆಂಡಿಗೆ ಒಂದು ಬಾಣ ಬಿಟ್ಟೆ. ಪೆಂಡಿಯ ತುದಿಗೆ ತಗುಲಿ ಹೊಲದೊಳಗೆ ಹೋಯಿತು. ಲೊರೇನ್ ಅವರು ನಕ್ಕಿದ್ದೇ ನಕ್ಕಿದ್ದು.

ಕಾಲು ಇಂಚೇ ಸರಿ.

ಅಕ್ಟೋಬರ್ 20, ಭಾನುವಾರ

ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಮೊದಲು ಬಾಣಗಳು ಅಂಗೈಯಗಲ ಚದುರಿದವು. ಉಂಗುರ ನಡುವೆ ಬಂದಿದೆಯೇ ಎಂದು ನೋಡಿಯೇ ಬಿಡಬೇಕು ಎಂದು ಮನಸ್ಸಿಗೆ ಪಾಠ ಹೇಳಿಕೊಂಡ ಮೇಲೆ ಸರಿಹೋಯಿತು. ಈಗ ಕೊನೆಯ ಬೆಳಕಿನವರೆಗೂ ಹೊಡೆಯಬಲ್ಲೆ. ಜಿಂಕೆ ಬರುವುದಷ್ಟೇ ಬಾಕಿ.

ಬೆಣ್ಣೆ ತಂದಿಟ್ಟಿದ್ದೇನೆ. ಅವರ ಮನೆಯಲ್ಲಿ ಇಲ್ಲದಿದ್ದರೆ ಬೇಕಾಗುತ್ತದೆ.

ಅಕ್ಟೋಬರ್ 27, ಭಾನುವಾರ

ಇಲಿನಾಯ್ ರಾಜ್ಯದಿಂದ ಯಾರೋ ಗಂಡ ಹೆಂಡತಿ ಕೊಳ್ಳಲೆಂದು ಕಾಡು ನೋಡಲು ಬಂದಿದ್ದರು. ನಾನು ಅಟ್ಟಣೆಯ ಮೇಲೆ ಇದ್ದೆ. ಹೊಚ್ಚಹೊಸ ಬೇಟೆ ಬಟ್ಟೆ, ಬೆಲೆಚೀಟಿ ನೇತಾಡುವುದೊಂದೇ ಬಾಕಿ. ಗಟ್ಟಿಯಾಗಿ ಮಾತಾಡುತ್ತ, ಜಿಂಕೆ ದಾರಿಯ ಮೇಲೇ ನಡೆದುಕೊಂಡು ಬಂದರು. ಅವನು ತಲೆ ಎತ್ತಿ ನನ್ನನ್ನು ನೋಡಿ ಬೆಚ್ಚಿಬಿದ್ದ.

"ಓಹ್, ನೀವು... ಇಲ್ಲಿ ಬಾಡಿಗೆಗಾ?"

"ಇಲ್ಲ."

"ಸಂಬಂಧಿಕರಾ?"

"ಅಲ್ಲ."

"ಮತ್ತೆ?"

ಮತ್ತೆ ಏನು ಎಂದು ನನಗೂ ಹೊಳೆಯಲಿಲ್ಲ. ಅವರು ಮುಂದೆ ಹೋದರು. ಆ ಪ್ರಶ್ನೆ ಸಂಜೆಯೆಲ್ಲ ತಲೆಯಲ್ಲಿ ಕೊರೆಯಿತು. ಜಿಂಕೆ ಬರಲಿಲ್ಲ, ಇಷ್ಟು ಗಲಾಟೆಯಾದ ಮೇಲೆ ಹೇಗೆ ಬರುತ್ತದೆ?

ನವೆಂಬರ್ 3, ಭಾನುವಾರ

ಚಳಿಗಾಲದ ಲೆಕ್ಕಕ್ಕೆ ಇವತ್ತು ಎಲ್ಲರೂ ಗಡಿಯಾರ ಒಂದು ಗಂಟೆ ಹಿಂದಿಟ್ಟೆವು. ವರ್ಷದಲ್ಲಿ ನನಗೆ ಆಗದ ದಿನ ಇದೊಂದೇ. ನಾಳೆಯಿಂದ ನಾನು ಬಸ್ಸು ಬಿಟ್ಟು ಬಟ್ಟೆ ಬದಲಾಯಿಸಿ ಮರ ಹತ್ತುವಷ್ಟರಲ್ಲಿ ಸೂರ್ಯ ಮುಳುಗುತ್ತಿರುತ್ತಾನೆ. ಆಮೇಲೆ ಕಾನೂನಿನ ಪ್ರಕಾರ ಬಾಣ ಬಿಡಲು ಉಳಿಯುವುದು ಒಂದು ಚೂರು ಹೊತ್ತು. ಬೇಟೆಯ ವೇಳಾಪಟ್ಟಿಯಲ್ಲಿ ಬರೆದ ಗಳಿಗೆ ದಾಟಿದ ಮೇಲೆ ಬಿಟ್ಟರೆ ಅದು ಬೇಟೆಯಲ್ಲ, ಕಳ್ಳತನ.

ಅಕ್ಕ ಆರ್ಡಿಸ್ ಫೋನ್ ಮಾಡಿದ್ದಳು. ಕಾಡು ಕೈತಪ್ಪಿ ಹೋಗುತ್ತಿರುವುದನ್ನು ಹೇಳಿಕೊಂಡೆ. ಓಕ್ ಮರ, ಹೊಲ, ಬೇಲಿ, ಆ ಮನೆಯ ವರಾಂಡಾ, ಸಂಜೆ ಅಡುಗೆಮನೆಯ ಕಿಟಕಿಯಲ್ಲಿ ದೀಪ ಹತ್ತುವುದು, ಎಲ್ಲ.

"ಕಾಡಲ್ಲಿ ಅಡುಗೆಮನೆ ಎಲ್ಲಿಂದ ಬಂತೋ?" ಅಂದಳು.

"ಅಟ್ಟಣೆಯಿಂದ ಕಾಣುತ್ತೆ."

"ಹೌದಾ. ಅಟ್ಟಣೆ ಅಲ್ಲಿಗೇ ಕಟ್ಟಿದ್ದೀಯಾ ಅನ್ನು."

"ಗಾಳಿ ದಿಕ್ಕು ನೋಡಿ ಕಟ್ಟಿದ್ದು."

"ಆಯ್ತಪ್ಪಾ, ಗಾಳಿ ದಿಕ್ಕು. ನಿಂಗೆ ಅರವತ್ಮೂರು ವರ್ಷ ಓರಿನ್. ಗಾಳಿ ಎತ್ತಲಿಂದ ಬೀಸ್ತಿದೆ ಅಂತ ಇನ್ನಾದ್ರೂ ಸರಿಯಾಗಿ ನೋಡು."

ಅವಳು ಹುಟ್ಟಿದಾಗಿನಿಂದ ಹೀಗೇ. ಫೋನ್ ಇಟ್ಟೆ.

ನವೆಂಬರ್ 12, ಮಂಗಳವಾರ

ಹಿಮ. ಗಂಡು ಜಿಂಕೆಗಳು ಹೆಣ್ಣುಗಳನ್ನು ಅಟ್ಟಿಕೊಂಡು ಓಡುವ ಕಾಲ ಇದು, ಅವಕ್ಕೆ ಕಣ್ಣೂ ಕಾಣುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಅಂಥದ್ದೊಂದು ನನ್ನ ಮರದ ಬುಡಕ್ಕೇ ಬಂದು ನಿಂತಿತು. ಎಳೆದೆ. ತೂತಿನಲ್ಲಿ ಬರೀ ಬಿಳಿ. ಹಿಮ ಕರಗಿ ಪೀಪಿನೊಳಗೆ ಹನಿ ಕೂತು ಹೆಪ್ಪುಗಟ್ಟಿತ್ತು. ಇಳಿಸಿ, ಊದಿ, ಉಜ್ಜಿ, ಮತ್ತೆ ಎಳೆಯುವಷ್ಟರಲ್ಲಿ ಅದು ದಿಣ್ಣೆ ಹತ್ತಿ ಹೋಗಿತ್ತು.

ಪಾಪ, ಅದಕ್ಕೆ ಅದರದೇ ಕೆಲಸ ಇತ್ತು. ಸಿಟ್ಟೂ ಬರಲಿಲ್ಲ.

ನವೆಂಬರ್ 18, ಸೋಮವಾರ

ಮಾರಾಟ ಆಯಿತಂತೆ. ಆ ಇಲಿನಾಯ್ ದಂಪತಿಗೇ. ಲೊರೇನ್ ವರಾಂಡಾದಿಂದಲೇ ಕೂಗಿ ಹೇಳಿದಳು, ನಾನು ಕಾರಿನ ಹತ್ತಿರ ಬೂಟು ಕಟ್ಟಿಕೊಳ್ಳುತ್ತಿದ್ದೆ. ಸಹಿ ಹಾಕಿದ್ದಾಳೆ. ತಿಂಗಳ ಕೊನೆಯೊಳಗೆ ಮನೆ ಖಾಲಿ ಮಾಡಬೇಕು. ಅವಳ ಹಿಂದೆ ಬಾಗಿಲಿನಲ್ಲಿ ರಟ್ಟಿನ ಪೆಟ್ಟಿಗೆಗಳು ಕಾಣುತ್ತಿದ್ದವು.

"ಒಳ್ಳೇದಾಯ್ತು" ಅಂದೆ. ನನ್ನ ನಾಲಿಗೆಗೆ ಬೆಂಕಿ ಹಾಕ.

"ಹೂಂ" ಅಂದಳು. "ಒಳ್ಳೇದಾಯ್ತು."

ಶನಿವಾರ ಕೋವಿ ಸೀಸನ್ ಶುರುವಾಗುತ್ತದೆ. ಅಂದಿನಿಂದ ಕಾಡೆಲ್ಲ ಕಿತ್ತಳೆ ಬಣ್ಣದ ಜಾಕೆಟ್ಟು, ಗುಂಡಿನ ಸದ್ದು. ಜಿಂಕೆಗಳು ದಿಕ್ಕಾಪಾಲಾಗುತ್ತವೆ, ಬಿಲ್ಲಿಗೆ ಸಿಕ್ಕುವುದಿಲ್ಲ. ಶುಕ್ರವಾರದೊಳಗೆ ಒಂದು ಜಿಂಕೆ ಸಿಗಬೇಕು. ದೊಡ್ಡ ಕೊಂಬೇನೂ ಬೇಡ. ಸಣ್ಣದೊಂದು ಹೆಣ್ಣಾದರೂ ಸಾಕು. ಒಂದು ಪೊಟ್ಟಣ ಹಿಡಿದುಕೊಂಡು ಆ ಬಾಗಿಲಿಗೆ ಹೋಗಬೇಕು, ಒಳಗೆ ಕೂರಬೇಕು. ದೇವರೇ, ಒಂದೇ ಒಂದು ಸಲ ಅವಳ ಎದುರು ಕೂತು ಊಟ ಮಾಡಬೇಕು.

ನವೆಂಬರ್ 20, ಬುಧವಾರ

ಏನೂ ಇಲ್ಲ.

ನವೆಂಬರ್ 21, ಗುರುವಾರ

ಏನೂ ಇಲ್ಲ. ಕಿಟಕಿಯ ಪರದೆ ತೆಗೆದಿದ್ದಾಳೆ. ಅವಳು ಒಳಗೆ ಓಡಾಡುವುದು ಅಟ್ಟಣೆಗೆ ಕಾಣುತ್ತದೆ. ಒಮ್ಮೆ ನಿಂತು ಹೊರಗೆ ನೋಡಿದಳು. ಕತ್ತಲಲ್ಲಿ ನಾನು ಕಂಡಿರಲಾರೆ.

ನವೆಂಬರ್ 22, ಶುಕ್ರವಾರ

ಬಂತು.

ಹಿಂದಿನ ಸೀಟಿನ ಮಕ್ಕಳು ನಾಳೆಯ ಬೇಟೆಯ ಖುಷಿಗೆ ಬಸ್ಸನ್ನೇ ಎತ್ತಿ ಕುಣಿಸಿದ್ದರಿಂದ ತಡವಾಗಿತ್ತು. ಅಟ್ಟಣೆ ಹತ್ತಿ ಉಸಿರು ಹತೋಟಿಗೆ ಬರುವಷ್ಟರಲ್ಲಿ ಸೂರ್ಯ ಹೋಗಿದ್ದ. ಗಾಳಿ ಇಲ್ಲ. ಎಲೆ ಉದುರಿದ ಕಾಡು, ನೆಲದ ಮೇಲೆ ಅಲ್ಲಲ್ಲಿ ಹಿಮ. ಕೈಗಡಿಯಾರ ನೋಡುತ್ತ ಕೂತೆ. ಕೊನೆಗೆ ಕಾನೂನಿನ ಪ್ರಕಾರ ಬಾಣ ಬಿಡುವ ಹೊತ್ತು ಮುಗಿಯಿತು. ಬಾಣವನ್ನು ಹೆದೆಯಿಂದ ತೆಗೆಯಲು ಕೈ ಹಾಕಿದೆ, ಆಗ ಬೇಲಿಯ ಹತ್ತಿರ ಏನೋ ಅಲ್ಲಾಡಿತು.

ಹೆಣ್ಣು ಜಿಂಕೆ. ಸೆಪ್ಟೆಂಬರಿನಲ್ಲಿ ಬಂದದ್ದೇ ಆಗಿರಲಿ ಬೇರೆಯದೇ ಆಗಿರಲಿ, ಅದೇ ಜಾಗದಲ್ಲಿ, ಹಾಗೆಯೇ ಅಡ್ಡಲಾಗಿ ನಿಂತಿತು. ಯೋಚನೆ ಮಾಡುವ ಮುಂಚೆ ಎಳೆದಿದ್ದೆ.

ಎಷ್ಟು ಚೆನ್ನಾಗಿ ಕಂಡಿತು! ಮುಂಗಾಲಿನ ಹಿಂದಿನ ಮಡಿಕೆ, ಪಕ್ಕೆಲುಬಿನ ಮೇಲೆ ಕೂದಲು ತಿರುಗಿದ ಜಾಗ, ಎಲ್ಲ. ಉಂಗುರ ನಟ್ಟನಡುವೆ ಕೂತಿದೆ, ಪಿನ್ ಅದರ ಎದೆಯ ಮೇಲೆ ಅಲುಗದೆ ನಿಂತಿದೆ. ಸಣ್ಣ ತೂತಾಗಿದ್ದರೆ ಕತ್ತಲೇ ನನ್ನ ಪರವಾಗಿ ತೀರ್ಮಾನ ಮಾಡುತ್ತಿತ್ತು. ಇದರಲ್ಲಿ ಕಾಣುತ್ತಲೇ ಇತ್ತು. ಹೊತ್ತು ಮೀರಿ ಎಷ್ಟಾಗಿದೆ, ಬಸ್ಸಿನಲ್ಲಿ ಒಂದು ಸ್ಟಾಪಿನಿಂದ ಇನ್ನೊಂದಕ್ಕೆ ಹೋಗುವಷ್ಟು. ನೋಡುವವರು ಯಾರೂ ಇಲ್ಲ. ಬೆರಳು ಹೆದೆ ಬಿಡಿಸುವ ಕೊಂಡಿಯ ಟ್ರಿಗರಿನ ಮೇಲಿದೆ. ಬಿಟ್ಟರೆ ಪೊಟ್ಟಣ, ಬಾಗಿಲು, ಮೇಜು, ಅವಳು. ಬಿಡದಿದ್ದರೆ ಅರಿಝೋನಾ.

ಬಿಡಬೇಕು ಅಂತಲೇ ಇದ್ದೆ. ಸುಳ್ಳು ಬರೆಯುವುದಿಲ್ಲ.

ಆದರೆ ಅವಳು ಕೇಳುತ್ತಾಳೆ. ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಪ್ರತಿ ಸಲ ಕೇಳುತ್ತಿದ್ದಳು, ಬಾಣಲೆ ಒಲೆಯ ಮೇಲಿಡುತ್ತ. ನಾನು ಸುಳ್ಳು ಹೇಳಬೇಕಾಗುತ್ತದೆ. ಅವಳ ಮೇಜಿಗೆ ಕದ್ದ ಮಾಂಸ ಇಟ್ಟು, ಅವಳು ಬೆಣ್ಣೆ ಹಾಕಿ ಹುರಿದು, ಇಬ್ಬರೂ ತಿಂದು... ಆಗಲಿಲ್ಲ ನನ್ನ ಕೈಲಿ. ತೋಳು ಸೋಲುವವರೆಗೂ ಅದನ್ನು ನೋಡುತ್ತ ಹಿಡಿದಿದ್ದೆ. ಆಮೇಲೆ ಇಳಿಸಿದೆ. ಜಿಂಕೆ ತಲೆ ಎತ್ತಿ ನನ್ನ ಕಡೆ ನೋಡಿ, ಮತ್ತೆ ಮೇಯತೊಡಗಿತು.

ಅಟ್ಟಣೆಯ ಮೇಲೆ ಕೂತು ಅತ್ತೆ. ಅಮ್ಮ ಹೋದಾಗ ಅತ್ತಿದ್ದೆ, ಆಮೇಲೆ ಇವತ್ತೇ.

ಇನ್ನು ಬರೆಯಲು ಕೈ ಓಡುತ್ತಿಲ್ಲ. ಉಳಿದದ್ದು ನಾಳೆ.

ನವೆಂಬರ್ 23, ಶನಿವಾರ

ಬೆಳಕು ಹರಿಯುವ ಮುಂಚೆಯೇ ದಿಣ್ಣೆಗಳಿಂದ ಗುಂಡಿನ ಸದ್ದು ಶುರುವಾಯಿತು. ಮೊದಲು ಆಚೆ ಕಣಿವೆ, ಆಮೇಲೆ ಸುತ್ತ ಎಲ್ಲ ಕಡೆ. ಬುದ್ಧಿ ಬಂದಾಗಿನಿಂದ ಈ ಬೆಳಗ್ಗೆ ನಾನು ಮನೆಯೊಳಗೆ ಇದ್ದದ್ದೇ ಇಲ್ಲ. ಇವತ್ತು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಿಲ್ಲನ್ನು ಅವಳ ವರಾಂಡಾದಲ್ಲೇ ಮರೆತು ಬಂದಿದ್ದೇನೆ, ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆದಿರುತ್ತದೆ. ನೆನೆಯಲಿ.

ನಿನ್ನೆ ಮರ ಇಳಿದು ಕಾರಿಗೆ ಹೋಗುವ ದಾರಿ ಅವಳ ಅಂಗಳದ ಮೇಲೆಯೇ. ದಾಟಿ ಹೋಗುತ್ತಿದ್ದೆ. ಕಾರಿನ ಬಾಗಿಲನ್ನೂ ತೆಗೆದೆ. ಆಮೇಲೆ ಅದನ್ನು ಹಾಕಿ, ವಾಪಸ್ ಬಂದು, ಬಾಗಿಲು ತಟ್ಟಿದೆ.

"ಸಿಕ್ತಾ?" ಅಂದಳು ಲೊರೇನ್, ನನ್ನ ಕೈ ನೋಡಿ.

"ಇಲ್ಲ."

"ಗಾಯ ಮಾಡಿ ಹುಡುಕ್ತಿದ್ದೀರಾ? ಟಾರ್ಚ್ ತರ್ಲಾ?"

"ಇಲ್ಲ. ಏನೂ ಹೊಡೆದಿಲ್ಲ."

"ಮತ್ತೆ?"

ಅದೇ ಪ್ರಶ್ನೆ. ಈ ಸಲ ಬಾಯಿಗೆ ಏನು ಬಂತೋ ಅದನ್ನೇ ಹೇಳಿದೆ. "ಸುಮ್ನೆ ಬಂದೆ."

ಅವಳು ಬಾಗಿಲು ಅಗಲ ಮಾಡಿ ಪಕ್ಕಕ್ಕೆ ಸರಿದಳು. ಮನೆಯೆಲ್ಲ ಪೆಟ್ಟಿಗೆಗಳು. ಮೇಜು ಒಂದು, ಕುರ್ಚಿ ಎರಡು, ಒಲೆ. ಕೂತೆ. ಅವಳು ನಿಂತೇ ಇದ್ದಳು.

"ಹೋದ ವರ್ಷ ಯಾಕೆ ಬರ್ಲಿಲ್ಲ? ಅದರ ಹಿಂದಿನ ವರ್ಷ?"

"ಜಿಂಕೆ ಸಿಗ್ಲಿಲ್ಲ."

"ಅದಕ್ಕೇನಾ?"

"ಮತ್ತೆ ಬರಿಗೈಯಲ್ಲಿ ಹೇಗೆ ಬರೋದು?"

"ಕಾಲಲ್ಲಿ ನಡ್ಕೊಂಡು" ಅಂದಳು. "ನಾರಿಸ್ ಇಲ್ಲ, ಅದಕ್ಕೇ ನಿಮಗೆ ಈ ಮನೆ ಬೇಡ ಆಯ್ತು ಅಂದ್ಕೊಂಡೆ ನಾನು. ಎರಡು ವರ್ಷಾನೂ ಕೋವಿ ಸೀಸನ್ನಿನ ಹಿಂದಿನ ಸಂಜೆ ಈರುಳ್ಳಿ ಹೆಚ್ಚಿಟ್ಕೊಂಡು ಕೂತಿದ್ದೆ, ಗೊತ್ತಾ? ಕಾರು ಹೋಗೋ ಸದ್ದು ಕೇಳ್ತಿತ್ತು. ನಿಲ್ಲಿಸ್ತೀರೇನೋ ಅಂತ ಕಾಯ್ತಿದ್ದೆ. ಆಮೇಲೆ ಮೊಟ್ಟೆ ಒಡೆದು ಹಾಕಿ ಒಬ್ಳೇ ತಿಂದೆ."

ಎರಡು ವರ್ಷ. ಕಿಟಕಿಯ ಆಚೆ ನಾನು, ಈಚೆ ಅವಳು.

"ನೀವು ಹೋಗೋದು ನನಗೆ ಇಷ್ಟ ಇಲ್ಲ" ಅಂದೆ.

"ಈಗ ಹೇಳ್ತೀರಾ? ಸಹಿ ಹಾಕಿ ಆಯ್ತಲ್ಲ ಓರಿನ್!"

"ಗೊತ್ತು."

"ಬೋರ್ಡು ಹಾಕಿದ ದಿನ ಹೇಳ್ಬಾರದಿತ್ತಾ? ಕೋಟು ಹೊದಿಸಿ ನಾನು ಪಕ್ಕದಲ್ಲೇ ನಿಂತಿದ್ದೆನಲ್ಲ, ಆವತ್ತು ಹೇಳ್ಬಾರದಿತ್ತಾ?"

ಅವಳು ಕಣ್ಣೊರೆಸಿಕೊಂಡು ಎದುರಿನ ಕುರ್ಚಿಯಲ್ಲಿ ಕೂತಳು. ಆಮೇಲೆ ಅವಳೇ, ಮಾತು ಬದಲಾಯಿಸಲಿಕ್ಕೋ ಏನೋ, ಲಾರಿಯ ಗೋಳು ಹೇಳಿಕೊಂಡಳು. ಸಾಮಾನು ಸಾಗಿಸಲು ಲಾರಿ ಗೊತ್ತು ಮಾಡಿದ್ದಾಳೆ, ಓಡಿಸಲು ಜನ ಇಲ್ಲ. ಬರುತ್ತೇನೆ ಎಂದಿದ್ದ ಸೋದರಳಿಯ ಕೈಕೊಟ್ಟ. "ಯಾರನ್ನ ಕೇಳಿದ್ರೂ ಜಿಂಕೆ ಸೀಸನ್ ಮುಗೀಲಿ ಅಂತಾರೆ. ಈ ವಾರ ಈ ಊರಲ್ಲಿ ಸತ್ರೆ ಹೊರೋಕೂ ನಾಲ್ಕು ಗಂಡಸರು ಸಿಗಲ್ಲ."

"ನಾನು ಓಡಿಸ್ತೀನಿ."

ಅವಳು ನನ್ನ ಮುಖ ನೋಡಿದಳು.

"ಜಿಂಕೆ ಸೀಸನ್ನಲ್ಲಿ?"

"ಹೂಂ."

"ಓರಿನ್ ಸ್ಕಾರ್. ಜಿಂಕೆ ಸೀಸನ್ನಲ್ಲಿ?"

"ಬುಧವಾರ ಮಕ್ಕಳನ್ನ ಇಳಿಸಿ ನೇರ ಬರ್ತೀನಿ. ಆಮೇಲೆ ಸ್ಕೂಲಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆ. ಬಸ್ಸಿಗಿಂತ ಉದ್ದದ ಲಾರಿ ಏನಲ್ಲ ತಾನೆ?"

ಅವಳು ಎದ್ದು ಹೋಗಿ ಫ್ರಿಜ್ ತೆಗೆದಳು, ಒಳಗೆ ಏನೂ ಇರಲಿಲ್ಲ, ಹಾಗೇ ತೆರೆದ ಬಾಗಿಲು ಹಿಡಿದುಕೊಂಡು ನನಗೆ ಬೆನ್ನು ಮಾಡಿ ನಿಂತಳು.

"ಅರಿಝೋನಾ ದೂರ" ಅಂದಳು.

"ಗೊತ್ತು."

"ಲಾರಿ ಅಲ್ಲೇ ಒಪ್ಪಿಸ್ಬೇಕು. ನೀವು ವಾಪಸ್ ಹೇಗೆ ಬರ್ತೀರಿ?"

ನಿಜ ಹೇಳಬೇಕೆಂದರೆ ಅದು ನನ್ನ ತಲೆಗೇ ಹೋಗಿರಲಿಲ್ಲ. "ಇನ್ನೂ ಯೋಚನೆ ಮಾಡಿಲ್ಲ" ಅಂದೆ.

ಲೊರೇನ್ ಫ್ರಿಜ್ಜಿನ ಬಾಗಿಲು ಹಾಕಿದಳು. ತಿರುಗಲಿಲ್ಲ.

"ಮಾಡ್ಬೇಡ" ಅಂದಳು.